ಹುಲ್ಲು ಕೊಯ್ಯುವ ಮುಂಚೆ

ನಾಲ್ಕಕ್ಕೇ ಬಂದಿದ್ದಾಳೆ ಕ್ರೆಸೆಂಟ್ಸ್,
ನಿವೃತ್ತ ಅಂಚೆಯಾಕೆ, ಮಂಡಿಗೆ ಪಟ್ಟಿ ಬಿಗಿದು.
ಮೂವತ್ತೆರಡು ವರ್ಷ ಈ ಕಣಿವೆಯ ಮನೆಮನೆಗೂ
ನಡೆದು ಕಾಗದ ಮುಟ್ಟಿಸಿದವಳು, ಈಗ
ತಟ್ಟೆಯಗಲದ ಡ್ರೋನೊಂದನ್ನು ಹುಲ್ಲಿನ ಮೇಲೆ ಹಾರಿಸಿ
ವಿಳಾಸವಿಲ್ಲದವರನ್ನು ಹುಡುಕುತ್ತಾಳೆ.

ಆಸ್ಟ್ರಿಯಾದ ಈ ಮೂಲೆಯಲ್ಲಿ ಜೂನ್ ಅಂದರೆ
ಸೊಂಟದೆತ್ತರದ ಹುಲ್ಲು, ಹುಲ್ಲಿನೊಳಗೆ ಜಿಂಕೆಮರಿ.
ಹುಟ್ಟಿ ವಾರವಾಗಿಲ್ಲ. ಮೈಗೆ ವಾಸನೆಯಿಲ್ಲ.
ಸದ್ದಾದರೆ ಓಡುವುದಿಲ್ಲ, ಇನ್ನಷ್ಟು ಮುದುಡುತ್ತದೆ.
ನರಿಯ ಮುಂದೆ ಈ ಉಪಾಯ ಸಾವಿರಾರು ವರ್ಷ ಫಲಿಸಿದೆ.
ಮೂರು ಮೀಟರಿನ ಅಲಗಿಗೆ ಅದೆಲ್ಲ ಗೊತ್ತಿಲ್ಲ.

ಪರದೆಯಲ್ಲಿ ಹುಲ್ಲುಗಾವಲು ಬೂದಿಬಣ್ಣ.
ಇರುಳೆಲ್ಲ ತಣಿದದ್ದು, ಇಬ್ಬನಿ ಹೊತ್ತದ್ದು, ಎಲ್ಲ ಬೂದಿ.
ಬೂದಿ ಮುಚ್ಚಿದ ಕೆಂಡವನ್ನು ಯಾರೋ ಊದಿದ ಹಾಗೆ
ಅಲ್ಲೊಂದು ಬಿಳಿ ಚುಕ್ಕೆ.
"ಎಡಕ್ಕೆ. ಇನ್ನೆರಡು ಹೆಜ್ಜೆ. ನಿಲ್ಲು, ಕಾಲ ಬುಡದಲ್ಲೇ ಇದೆ,"
ವಾಕಿಟಾಕಿಯಲ್ಲಿ ಅವಳ ದನಿ.
ಗೆಬ್‌ಹಾರ್ಟ್ ಬಗ್ಗುತ್ತಾನೆ. ಎರಡು ಹಿಡಿ ಹುಲ್ಲು ಕಿತ್ತು
ತನ್ನ ಕೈಗೂ ಮರಿಯ ಮೈಗೂ ನಡುವೆ ಇಟ್ಟು ಎತ್ತುತ್ತಾನೆ,
ಮನುಷ್ಯರ ವಾಸನೆ ತಾಗಬಾರದಲ್ಲ.
ಬೆಚ್ಚಗಿದೆ. ಬೆಚ್ಚುವುದಿಲ್ಲ.
ಎದೆಬಡಿತ ಮಾತ್ರ ಹುಲ್ಲನ್ನೂ ದಾಟಿ ಬೆರಳಿಗೆ.

ಸೇಬಿನ ಪೆಟ್ಟಿಗೆಯಲ್ಲಿ ಮಲಗಿಸಿ ಕಾಡಂಚಿನ ನೆರಳಿಗೆ.
ಒಳಗೆಲ್ಲೋ ತಾಯಿ ಕಾಯುತ್ತಿದೆ; ಅದೂ ಪರದೆಯಲ್ಲಿದೆ,
ಮರಗಳ ನಡುವೆ ನಾಲ್ಕು ಕಾಲಿನ ಬೆಳಕು.

ಈ ಯಂತ್ರ ಬೇಡವೆಂದವನು ಮೊದಲು ಇವನೇ.
"ಕೋಲು ಹಿಡಿದು ಒಂದು ಸುತ್ತು ಬರುತ್ತೇನೆ, ಸಾಕು."
ಹನ್ನೊಂದು ವರ್ಷದ ಹಿಂದೆಯೂ ಕೋಲು ಹಿಡಿದು ಸುತ್ತು ಬಂದಿದ್ದ.
ಆಮೇಲೆ ಟ್ರ್ಯಾಕ್ಟರಿನ ಸದ್ದಿನೊಳಗೆ
ಇನ್ನೊಂದು ಸದ್ದು.
ಅಲಗು ತೊಳೆದದ್ದು ತೊರೆಯಲ್ಲಿ, ಮನೆಯ ನಲ್ಲಿಯಲ್ಲಲ್ಲ.
ರೊಸ್ವಿತಾ ಒದ್ದೆ ತೋಳು ನೋಡಿದಳು, ಕೇಳಲಿಲ್ಲ.
ಆ ಹುಲ್ಲನ್ನು ಚಳಿಗಾಲವಿಡೀ ಹಸುಗಳು ತಿಂದವು,
ಮಾಮೂಲಿನಂತೆ.

ಹೋದ ವರ್ಷ ವಿಶ್ವವಿದ್ಯಾಲಯದಿಂದ ಹುಡುಗನೊಬ್ಬ ಬಂದಿದ್ದ,
ಕಂಪ್ಯೂಟರಿಗೆ ಮರಿಯ ಗುರುತು ಕಲಿಸುವವನು.
ಮರಿ, ಮೊಲ, ಮಲಗಿದ ಬೆಕ್ಕು, ಬಿಲದ ಬಾಯಿಯ ಮಣ್ಣು:
ಆರು ಸಾವಿರ ಚಿತ್ರ ತೆಗೆದು ಒಂದೊಂದಕ್ಕೂ ಹೆಸರಿಟ್ಟ.
"ಬಿಸಿಲೇರಿತೋ, ನಮ್ಮ ಲೆಕ್ಕ ಕೆಟ್ಟಿತು," ಅಂದಿದ್ದ,
ರೊಸ್ವಿತಾ ಕೊಟ್ಟ ಚೀಸು ಬಾಯಲ್ಲಿಟ್ಟುಕೊಂಡೇ.
"ಕಾದ ಕಲ್ಲೂ ಆಗ ಮರಿಯೇ."

ಐದೂ ಹತ್ತು. ಹೊಲದ ಕೊನೆಯ ಪಟ್ಟಿ.
"ಇನ್ನೊಂದಿದೆ. ಮಂಕು. ಆರುತ್ತಾ ಇದೆ, ಬೇಗ ಹೋಗು."
ಹೋದ. ಹುಲ್ಲು ಸರಿಸಿದ.
ಯಾರೂ ಇಲ್ಲ.
ಒತ್ತಿದ ಹುಲ್ಲು, ಎರಡು ಬೊಗಸೆಯಷ್ಟು ಗುಳಿ.
ಅಂಗೈ ಇಟ್ಟ. ಇನ್ನೂ ಕಾವಿದೆ.
ಎದ್ದು ಹೋದದ್ದನ್ನೂ ಯಂತ್ರ
ಇದೆ ಎಂದೇ ಹಿಡಿದಿತ್ತು.

"ಸಿಕ್ಕಿತಾ?" ಕೇಳಿದಳು ಕ್ರೆಸೆಂಟ್ಸ್.
ಉತ್ತರವಿಲ್ಲ. ಬರೀ ಗರಗರ.
ಪರದೆಯಲ್ಲಿ, ಬೂದಿಯ ನಡುವೆ
ಮಂಡಿಯೂರಿ ಕೂತ ದೊಡ್ಡದೊಂದು ಚುಕ್ಕೆ
ಅಷ್ಟಷ್ಟೇ ಮುದುಡಿತು. ಆಮೇಲೆ ಅಲುಗಲಿಲ್ಲ.
ಕಾಗದ ಒಡೆದವರ ಎದುರು ನಿಲ್ಲಬಾರದೆಂದು
ಬಾಗಿಲು ಬಾಗಿಲಲ್ಲಿ ಕಲಿತವಳು
ಡ್ರೋನಿನ ಕಣ್ಣನ್ನು ಮೆಲ್ಲಗೆ
ಬೇಲಿಯ ಕಡೆ ತಿರುಗಿಸಿದಳು.

ಬಿಸಿಲು ಇಳಿದು ಬಂತು.
ಕಲ್ಲು, ಗೂಟ, ತೊಟ್ಟಿಯ ಅಂಚು, ಒಂದೊಂದೇ ಬೆಳ್ಳಗಾಗಿ
ಕೊನೆಗೆ ಪರದೆ ತುಂಬ ಮರಿಗಳು.
ಮರಿ ಮೂರು, ಮೊಲ ಒಂದು, ಎಂದು ಬರೆದು ಪುಸ್ತಕ ಮುಚ್ಚಿದಳು.
ಆರೂವರೆಗೆ ಟ್ರ್ಯಾಕ್ಟರು ಹೊರಟಿತು, ನೆಟ್ಟಗೆ,
ಒಂದು ಕಡೆ ಮಾತ್ರ
ಖಾಲಿ ಹುಲ್ಲನ್ನು ಬಳಸಿಕೊಂಡು.